ಕೆಲಸ ಬದಲಿಸಿದರೆ ಕೂಲಿ ಏರುತ್ತದೆಯೇ?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳು)



ನಿಮ್ಮಲ್ಲಿ ಬಹಳ ಜನ ಗಾರ್ಮೆಂಟ್ಸ್‌ಗೆ ಹೋಗುವವರು, ಇಲ್ಲವೇ ಮಗಳನ್ನೋ ಸೊಸೆಯನ್ನೋ ಕಳುಹಿಸುವವರು. "ಆ ಫ್ಯಾಕ್ಟರಿ ಬಿಟ್ಟು ಈ ಫ್ಯಾಕ್ಟರಿಗೆ ಸೇರಿದಳು, ಐನೂರು ಜಾಸ್ತಿ ಕೊಡ್ತಾರಂತೆ" ಎನ್ನುವ ಮಾತು ಸಂಘದ ಸಭೆಗಳಲ್ಲಿ ಬರುತ್ತಲೇ ಇರುತ್ತದೆ. ಒಂದು ಕಡೆ ನೆಲೆ ನಿಲ್ಲೋದಿಲ್ಲ ಅಂತ ಮನೆಯ ಹಿರಿಯರು ಬೈಯುತ್ತಾರೆ. ನಾನು ಬೈಯುವುದಿಲ್ಲ. ಬಿಟ್ಟು ಹೋಗುವವರಿಂದಾಗಿ ಉಳಿದವರ ಕೂಲಿಯೂ ಏರುವುದುಂಟು.

ಹೇಗೆ ಅಂತೀರಾ? ಕಾಲರ್ ಹೊಲಿಯುವ, ಕೈ ಪಳಗಿದ ನಾಲ್ಕು ಜನ ಟೈಲರ್‌ಗಳು ಬಿಟ್ಟರೆ ಇಡೀ ಲೈನೇ ನಿಧಾನವಾಗುತ್ತದೆ. ಮಾಲೀಕರು ಹೊಸಬರನ್ನು ಹುಡುಕಬೇಕು, ಕಲಿಸಬೇಕು, ಅಲ್ಲಿಯ ತನಕ ಪೀಸುಗಳು ಕೆಡುತ್ತವೆ. ಈ ನಷ್ಟಕ್ಕಿಂತ ಇರುವವರಿಗೇ ಸ್ವಲ್ಪ ಹೆಚ್ಚು ಕೊಡುವುದು ವಾಸಿ ಅನ್ನಿಸಿದಾಗ ಕೊಡುತ್ತಾರೆ. ದಯೆಯಿಂದಲ್ಲ, ಲೆಕ್ಕದಿಂದ.

ಅಮೆರಿಕದ ಫೋರ್ಡ್ ಕಾರು ಕಾರ್ಖಾನೆಯಲ್ಲಿ 1913ರಲ್ಲಿ ಹೀಗೇ ಆಯಿತು. ಕೆಲಸದ ಕಾಟ ತಾಳದೆ ಜನ ಬಿಟ್ಟು ಹೋಗುತ್ತಲೇ ಇದ್ದರು. ಸುಮಾರು 14 ಸಾವಿರ ಜನರ ಕೆಲಸ ನಡೆಸಲು ಒಂದೇ ವರ್ಷದಲ್ಲಿ 50 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ಕಂಪನಿ ದಿನಗೂಲಿಯನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿ, 5 ಡಾಲರ್ ಎಂದು ಸಾರಿತು. ಬಿಟ್ಟು ಹೋಗುವವರು ಕಡಿಮೆಯಾದರು. (ಮೊದಲಿಗೆ ಹೆಂಗಸರನ್ನು ಇದಕ್ಕೆ ಸೇರಿಸಿರಲಿಲ್ಲ. ಆಶ್ಚರ್ಯವೇನಿಲ್ಲ ಬಿಡಿ.)

ಹಾಗಾದರೆ ನಮ್ಮ ಹೆಣ್ಣುಮಕ್ಕಳು ಇಷ್ಟು ಸಲ ಬದಲಿಸಿದರೂ ಗಾರ್ಮೆಂಟ್ಸ್ ಸಂಬಳ ಕನಿಷ್ಠ ವೇತನದ ಆಸುಪಾಸಿನಲ್ಲೇ ಯಾಕೆ ನಿಂತಿದೆ? ಯಾಕೆಂದರೆ ಸರ್ಕಾರ ಇದಕ್ಕಿಂತ ಕಡಿಮೆ ಕೊಡಬೇಡಿ ಎಂದು ಹೇಳಿದ ಮೊತ್ತವನ್ನೇ ಇವರು, ಇದಕ್ಕಿಂತ ಹೆಚ್ಚು ಬೇಡ ಎಂದು ಓದಿಕೊಂಡಿದ್ದಾರೆ. ಎಲ್ಲ ಕಡೆ ಒಂದೇ ರೇಟು ಇದ್ದರೆ ಎಲ್ಲಿಗೆ ಹೋದರೇನು? 2020ರ ಏಪ್ರಿಲ್‌ನಿಂದ ಸೇರಬೇಕಿದ್ದ ತುಟ್ಟಿಭತ್ಯೆಯನ್ನು, ತಿಂಗಳಿಗೆ 417 ರೂಪಾಯಿಯನ್ನು, ರಾಜ್ಯದ ಬಹಳ ಕಾರ್ಖಾನೆಗಳು ಒಟ್ಟಿಗೇ ಹಿಡಿದಿಟ್ಟವು. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದವಳಿಗೂ ಅದು ಸಿಗಲಿಲ್ಲ. ಬಾಕಿ ಬರತೊಡಗಿದ್ದು ಕಾರ್ಮಿಕ ಸಂಘಟನೆಗಳು ಹೋರಾಡಿದ ಮೇಲೆ, 2022ರಲ್ಲಿ. ಅಂದರೆ ಕಾಲಿನಿಂದ ಆಗದ್ದು ಬಾಯಿಂದ ಆಯಿತು.

ಇನ್ನೊಂದು ಕಾರಣ ದೂರ. ಬೆಂಗಳೂರಿನ ಪೀಣ್ಯದಲ್ಲಿ ಒಂದು ಗೇಟು ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದಿದೆ. ಕಾರ್ಖಾನೆಗಳು ಮದ್ದೂರು, ಶ್ರೀರಂಗಪಟ್ಟಣದ ಕಡೆಗೂ ಬಂದಿವೆ. ಊರಿಗೆ ವಾಹನ ಕಳಿಸುವುದು ಒಂದೇ ಕಾರ್ಖಾನೆಯಾದರೆ, ಅವರು ಹೇಳಿದ್ದೇ ಸಂಬಳ. ಕೊಳ್ಳುವವನು ಒಬ್ಬನೇ ಇದ್ದರೆ ಟೊಮೆಟೊಗೆ ಏನು ರೇಟು ಸಿಗುತ್ತದೋ, ನಮ್ಮ ದುಡಿಮೆಗೂ ಅಷ್ಟೇ. ಇಂಗ್ಲೆಂಡಿನ ಜೋನ್ ರಾಬಿನ್ಸನ್ ಎಂಬ ಅರ್ಥಶಾಸ್ತ್ರಜ್ಞೆ 1933ರಲ್ಲೇ ಇದನ್ನು ಪುಸ್ತಕದಲ್ಲಿ ಬರೆದರು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಾಗಿರುವುದನ್ನು ನಾನು ಈ ಕಣ್ಣಿನಿಂದಲೂ ನೋಡುತ್ತೇನೆ. ಇನ್ನೂ ಹತ್ತು ಕಿಲೋಮೀಟರ್ ಆಚೆಯ ಕೆಲಸವನ್ನೂ ವಿಚಾರಿಸಬಹುದು. ಆದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? 50 ಜನ ಕೆಲಸಗಾರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು ಕಾನೂನಿದೆ. ಸೇರುವ ಮುಂಚೆ ಅದನ್ನೂ ಕೇಳಿ.

ಈಗ ಬಿಡುವವರು ಮಾಡಬೇಕಾದ ಲೆಕ್ಕ. ಒಬ್ಬಳು ಕಾಯಂ ಕೆಲಸದಲ್ಲಿ ನಾಲ್ಕೂವರೆ ವರ್ಷ ದುಡಿದಿದ್ದಾಳೆ ಅಂದುಕೊಳ್ಳಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 13,000 ರೂಪಾಯಿ. ಪಕ್ಕದವರು 500 ಜಾಸ್ತಿ ಕೊಡ್ತೀವಿ ಅಂದರು. ಇನ್ನು ಆರು ತಿಂಗಳು ನಿಂತರೆ ಆ 500ರಂತೆ 3,000 ಕಳೆದುಕೊಳ್ಳುತ್ತಾಳೆ, ನಿಜ. ಆದರೆ ಐದು ವರ್ಷ ತುಂಬಿದರೆ ಗ್ರಾಚುಟಿ ಬರುತ್ತದೆ. 13,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 500. ವರ್ಷಕ್ಕೆ 15 ದಿನದಂತೆ 7,500. ಐದು ವರ್ಷಕ್ಕೆ 37,500 ರೂಪಾಯಿ. ಆ 500ರಿಂದ ಇಷ್ಟು ಕೂಡಿಸಲು ಆರು ವರ್ಷ ದಾಟಬೇಕು! ಐದು ವರ್ಷ ತುಂಬುವ ಹೊತ್ತಿಗೆ ಮೇಲಿನವರ ಕಿರಿಕಿರಿ ಹೆಚ್ಚಾದರೆ ಯಾಕೆ ಅಂತ ಯೋಚಿಸಿ. ರಾಜೀನಾಮೆ ಪತ್ರಕ್ಕೆ ಸಿಟ್ಟಿನಲ್ಲಿ ಸಹಿ ಹಾಕಬೇಡಿ. ಇಂತಿಷ್ಟೇ ಅವಧಿಯ ಕರಾರಿನ ಮೇಲೆ ಸೇರಿದವರಿಗೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಂತೆ, ಒಂದು ವರ್ಷಕ್ಕೇ ಗ್ರಾಚುಟಿ ಉಂಟು.

ಪಿಎಫ್ ವಿಷಯ ನಿಮಗೆ ಹೇಳಿಕೊಡಬೇಕಾಗಿಲ್ಲ. 2016ರ ಏಪ್ರಿಲ್‌ನಲ್ಲಿ ಆ ಹಣ ತೆಗೆಯಲು ಕೇಂದ್ರ ಸರ್ಕಾರ ಅಡ್ಡಿ ಮಾಡಿದಾಗ ಬೆಂಗಳೂರಿನ ರಸ್ತೆಗೆ ಇಳಿದವರು ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ. ಎರಡನೇ ದಿನವೇ ಆ ಆದೇಶ ವಾಪಸಾಯಿತು. ಕೆಲಸ ಬಿಟ್ಟಾಗ ಕೈಗೆ ಬರುವುದು ಆ ಹಣ ಒಂದೇ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಪ್ರತಿ ಸಲ ಪೂರ್ತಿ ತೆಗೆದರೆ ಪಿಂಚಣಿಗೆ ಬೇಕಾದ 10 ವರ್ಷ ಕೂಡುವುದೇ ಇಲ್ಲ. ಯುಎಎನ್ ಸಂಖ್ಯೆ ಒಂದೇ ಇರಲಿ, ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿ.

ಸಂಘದ ಪಾತ್ರ ಇಲ್ಲೇ ಬರುವುದು. ಮುಂಗಡ ಪಡೆದು ಸಿಕ್ಕಿಹಾಕಿಕೊಂಡವಳು ಸಂಬಳ ಕೇಳಲಾರಳು, ಬಿಡಲೂ ಆರಳು. ಒಂದು ತಿಂಗಳ ಅಕ್ಕಿ, ಬಾಡಿಗೆಗೆ ಸಂಘದ ಸಾಲ ಸಿಗುತ್ತದೆ ಅಂತಾದರೆ ಅವಳು ನೆಟ್ಟಗೆ ನಿಂತು ಮಾತಾಡುತ್ತಾಳೆ. ಕೆಲಸ ಬದಲಿಸುವಾಗಿನ ಸಾಲಕ್ಕೆ ಪ್ರತಿ ಸಂಘವೂ ಒಂದಿಷ್ಟು ಹಣ ಬೇರೆ ಇಡಬಹುದೇ ಎಂದು ಚರ್ಚೆ ಮಾಡಿ. ಮುಂದಿನ ಸಭೆಗೆ ಬರುವಾಗ ದುಡಿಯುವವರು ಸಂಬಳ ಚೀಟಿ, ಕೆಲಸಕ್ಕೆ ಸೇರಿದ ತಾರೀಖು, ಯುಎಎನ್ ಸಂಖ್ಯೆ ತನ್ನಿ. ಯಾವ ಕಾರ್ಖಾನೆ ಎಷ್ಟು ಕೊಡುತ್ತದೆ ಎಂದು ಒಂದೇ ಹಾಳೆಯಲ್ಲಿ ಬರೆದು ನೋಡೋಣ.