ಎರಡನೆಯ ಬ್ಯಾಟರಿ ಬೇಗ ಬರಿದಾಗುವುದೇಕೆ?



ಚಕ್ರಗಳ ಮೇಲೆ ಓಡಾಡುವ ಮನೆಯನ್ನು ನೀವು ಚಲನಚಿತ್ರಗಳಲ್ಲಿ ನೋಡಿರುತ್ತೀರಿ. ಹೊರಗಿನಿಂದ ಸಾಧಾರಣ ವ್ಯಾನು. ಒಳಗೆ ಹಾಸಿಗೆ, ಪುಟ್ಟ ಒಲೆ, ಕೈ ತೊಳೆಯುವ ಬೇಸಿನ್ನು, ಫ್ರಿಜ್ಜು. ಇದಕ್ಕೆ ಕ್ಯಾಂಪರ್ ವ್ಯಾನ್ ಎಂದು ಹೆಸರು. ಜರ್ಮನಿಯ ವೆಸ್ಟ್‌ಫಾಲಿಯಾ ಸಂಸ್ಥೆಯು 1950ರ ದಶಕದ ಆರಂಭದಲ್ಲಿ ಫೋಕ್ಸ್‌ವ್ಯಾಗನ್ ವ್ಯಾನುಗಳಿಗೆ ಇಂಥ ಸಜ್ಜನ್ನು ಜೋಡಿಸತೊಡಗಿದ ಮೇಲೆ, ಯೂರೋಪಿನಲ್ಲಿ ಇದು ಸಾಮಾನ್ಯ ಕುಟುಂಬಗಳಿಗೂ ಪರಿಚಿತವಾಯಿತು. ನಮ್ಮ ನೆರೆಯ ಕೇರಳ ಸರ್ಕಾರವೂ 2021ರಲ್ಲಿ ಇಂಥ ವಾಹನಗಳ ಪ್ರವಾಸಕ್ಕೆಂದೇ ಒಂದು ಯೋಜನೆಯನ್ನು ಪ್ರಕಟಿಸಿತು.

ಈ ವ್ಯಾನಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಒಂದು, ಎಂಜಿನ್ನನ್ನು ಚಾಲೂ ಮಾಡುವುದಕ್ಕೆ. ಅದರ ಕೆಲಸ ಕೆಲವೇ ಸೆಕೆಂಡುಗಳದು. ನೂರಾರು ಆಂಪಿಯರ್ ಪ್ರವಾಹವನ್ನು ಒಮ್ಮೆಗೇ ಕೊಟ್ಟು ಸುಮ್ಮನಾಗುತ್ತದೆ. ಇನ್ನೊಂದು ಮನೆವಾರ್ತೆಯ ಬ್ಯಾಟರಿ. ದೀಪ, ಫ್ಯಾನು, ನೀರಿನ ಪಂಪು, ಫ್ರಿಜ್ಜು ಎಲ್ಲವೂ ಇದರ ಮೇಲೆ ಅವಲಂಬಿಸಿವೆ. ಎಂಜಿನ್ ಓಡುವಾಗ ಆಲ್ಟರ್ನೇಟರ್ ಎರಡನ್ನೂ ತುಂಬಿಸುತ್ತದೆ. ಎಂಜಿನ್ ನಿಂತ ಕೂಡಲೇ ಒಂದು ರಿಲೇ ಇವೆರಡನ್ನೂ ಬೇರ್ಪಡಿಸುತ್ತದೆ. ರಾತ್ರಿ ಮನೆಯ ಬ್ಯಾಟರಿ ಪೂರ್ತಿ ಖಾಲಿಯಾದರೂ ಬೆಳಿಗ್ಗೆ ಗಾಡಿ ಹೊರಡಲಿ ಎಂಬುದು ಈ ಏರ್ಪಾಟಿನ ಉದ್ದೇಶ.

ಈ ವಾಹನಗಳನ್ನು ಇಟ್ಟುಕೊಂಡವರಲ್ಲಿ ತೀರಾ ಸಾಮಾನ್ಯವಾದ ದೂರು ಒಂದಿದೆ. ಸಂಜೆ ಆರಕ್ಕೆ ಸರೋವರದ ದಂಡೆಯಲ್ಲಿ ವ್ಯಾನು ನಿಲ್ಲಿಸುತ್ತಾರೆ. ನಡುರಾತ್ರಿಯ ಹೊತ್ತಿಗೆ ದೀಪ ಮಂಕಾಗುತ್ತದೆ, ಫ್ರಿಜ್ಜು ನಿಂತುಹೋಗುತ್ತದೆ. ಹಾಲು ಕೆಟ್ಟರೆ ಹೋಗಲಿ ಎನ್ನಬಹುದು. ಆದರೆ ಮಧುಮೇಹಿಗಳ ಇನ್ಸುಲಿನ್ ಅದೇ ಫ್ರಿಜ್ಜಿನಲ್ಲಿದ್ದರೆ? ಅಮೆರಿಕದ ಇಂಥ ಅನೇಕ ವಾಹನಗಳಲ್ಲಿ ಅಡುಗೆ ಅನಿಲ ಸೋರಿದರೆ ಕೂಗುವ ಎಚ್ಚರಿಕೆ ಗಂಟೆಯೂ ಇದೇ ಬ್ಯಾಟರಿಯಿಂದ ನಡೆಯುತ್ತದೆ. ಬ್ಯಾಟರಿ ಸತ್ತರೆ ಅದೂ ಮೂಕವಾಗುತ್ತದೆ, ಅದೂ ಎಲ್ಲರೂ ಮಲಗಿರುವ ಹೊತ್ತಿನಲ್ಲಿ. ಮಾಲೀಕರು ಮರುದಿನ ಅಂಗಡಿಗೆ ಹೋಗಿ ಹೊಸ ಬ್ಯಾಟರಿ ತರುತ್ತಾರೆ. ಕೆಲವು ತಿಂಗಳಿಗೆ ಮತ್ತೆ ಅದೇ ಕಥೆ.

ಏಕೆ? ನಮ್ಮ ಊರಿನ ಕೆರೆಯನ್ನು ನೆನೆದುಕೊಳ್ಳಿ. ಬೇಸಿಗೆಗೆ ಮೊದಲೇ ಕೆರೆ ಬತ್ತಿದರೆ ಮೂರು ಕಾರಣಗಳಿರಬಹುದು. ತೂಬಿನಿಂದ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ನೀರು ಹೋಗಿರಬಹುದು. ಕಾಲುವೆಯಿಂದ ಬರಬೇಕಾದಷ್ಟು ನೀರು ಬಂದೇ ಇರದಿರಬಹುದು. ಅಥವಾ ಹೂಳು ತುಂಬಿ ಕೆರೆಯೇ ಚಿಕ್ಕದಾಗಿರಬಹುದು. ಬತ್ತಿದ ಕೆರೆಯನ್ನು ದಡದಲ್ಲಿ ನಿಂತು ನೋಡಿದರೆ ಮೂರೂ ಒಂದೇ ರೀತಿ ಕಾಣುತ್ತವೆ. ಬ್ಯಾಟರಿಯೂ ಹಾಗೆಯೇ. ಹೊಸದನ್ನು ಕೊಳ್ಳುವುದು ಮೂರನೆಯ ಕಾರಣಕ್ಕೆ ಮಾತ್ರ ಮದ್ದು.

ಮೊದಲು ತೂಬನ್ನು ನೋಡೋಣ. ಬ್ಯಾಟರಿಯ ಮೇಲೆ 100 ಆಂಪಿಯರ್-ಗಂಟೆ ಎಂದು ಬರೆದಿದೆ ಎನ್ನಿ. ಸಾಮಾನ್ಯವಾಗಿ ಇದರ ಅರ್ಥ, 5 ಆಂಪಿಯರಿನಂತೆ 20 ಗಂಟೆ ಕೊಡುತ್ತದೆ ಎಂದು. ಹಾಗೆಂದು 20 ಆಂಪಿಯರಿನಂತೆ 5 ಗಂಟೆ ಸಿಗುವುದಿಲ್ಲ. ವೇಗವಾಗಿ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆಯಾಗುತ್ತದೆ ಎಂಬುದನ್ನು ಜರ್ಮನಿಯ ಪಾಯ್ಕರ್ಟ್ 1897ರಲ್ಲಿ ಒಂದು ಸೂತ್ರವಾಗಿ ಕೊಟ್ಟರು. ಆ ಸೂತ್ರದ ಘಾತಾಂಕವನ್ನು 1.2 ಎಂದು ಹಿಡಿದರೆ, 25 ಆಂಪಿಯರ್ ಎಳೆದಾಗ ಇದೇ ಬ್ಯಾಟರಿ ನಾಲ್ಕು ಗಂಟೆ ಬಾಳದೆ ಮೂರು ಗಂಟೆಯೊಳಗೇ ಮುಗಿಯುತ್ತದೆ. ಅಲ್ಲದೆ ಸೀಸ-ಆಮ್ಲ ಬ್ಯಾಟರಿ ಹೆಚ್ಚು ದಿನ ಬಾಳಬೇಕಾದರೆ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿರುವುದು ವಾಡಿಕೆ. ಅಂದರೆ ನೂರು ಎಂದು ಬರೆದಿದ್ದರೂ ನಮ್ಮ ಖರ್ಚಿಗೆ ಇರುವುದು ಐವತ್ತು.

ಈಗ ಖರ್ಚಿನ ಲೆಕ್ಕ. ಕಂಪ್ರೆಸರ್ ಇರುವ ಚಿಕ್ಕ ಫ್ರಿಜ್ಜು ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ. ದಿನದ ಮೂರನೆಯ ಒಂದು ಭಾಗ ಓಡಿದರೆ 32 ಆಂಪಿಯರ್-ಗಂಟೆ. 2 ಆಂಪಿಯರಿನ ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೆ 16. ಮೂರು ವ್ಯಾಟಿನ ನಾಲ್ಕು ಎಲ್‌ಇಡಿ ದೀಪಗಳು ನಾಲ್ಕು ಗಂಟೆ ಉರಿದರೆ 4. ನೀರಿನ ಪಂಪು ಸದ್ದು ಮಾಡುವುದೇ ಹೆಚ್ಚು, ಅದರ ಖರ್ಚು ಒಂದೂ ಆಗುವುದಿಲ್ಲ. ಕೂಡಿಸಿ ನೋಡಿ: 52. ಒಂದೇ ದಿನಕ್ಕೆ ನಮ್ಮ ಐವತ್ತು ಮುಗಿಯಿತು. ಇಲ್ಲಿ ಬ್ಯಾಟರಿಯ ತಪ್ಪೇನೂ ಇಲ್ಲ, ಮನೆವಾರ್ತೆಯೇ ದೊಡ್ಡದು.

ಕೆಲವು ವ್ಯಾನುಗಳಲ್ಲಿ ಇನ್ನೊಂದು ಬಗೆಯ ಫ್ರಿಜ್ಜು ಇರುತ್ತದೆ. ಅದರಲ್ಲಿ ಕಂಪ್ರೆಸರ್ ಇಲ್ಲ. ಅಮೋನಿಯಾ ದ್ರಾವಣವನ್ನು ಕಾಯಿಸಿ ತಂಪನ್ನು ಪಡೆಯುತ್ತಾರೆ. ಶಾಖದಿಂದ ತಂಪು! ಭೌತಶಾಸ್ತ್ರದ ಅಧ್ಯಾಪಕರನ್ನು ಇದರ ಬಗ್ಗೆ ಕೇಳಿ ನೋಡಿ, ಒಂದು ತರಗತಿ ಪೂರ್ತಿ ಅದರಲ್ಲೇ ಕಳೆಯುತ್ತದೆ. ಈ ಫ್ರಿಜ್ಜನ್ನು ಅನಿಲದಿಂದಲೂ ಮನೆಯ ವಿದ್ಯುತ್ತಿನಿಂದಲೂ 12 ವೋಲ್ಟ್ ಬ್ಯಾಟರಿಯಿಂದಲೂ ಕಾಯಿಸಬಹುದು. ಆದರೆ 12 ವೋಲ್ಟಿನಲ್ಲಿ ಇದು ಸುಮಾರು 9 ಆಂಪಿಯರ್ ಪ್ರವಾಹವನ್ನು ಬಿಡುವಿಲ್ಲದೆ ಎಳೆಯುತ್ತದೆ. ಆ ಸ್ಥಾನ ಗಾಡಿ ಓಡುವಾಗ ಮಾತ್ರ ಬಳಸಲಿಕ್ಕೆ ಇರುವುದು. ನಿಂತ ಮೇಲೆ ಸ್ವಿಚ್ಚನ್ನು ಅನಿಲಕ್ಕೆ ತಿರುಗಿಸಬೇಕು. ಮರೆತರೆ ಸಂಜೆ ಆರರಿಂದ ನಡುರಾತ್ರಿಗೆ 54 ಆಂಪಿಯರ್-ಗಂಟೆ ಹೋಯಿತು. ಮೊದಲು ಹೇಳಿದ ದೂರಿಗೆ ಉತ್ತರ ಎಷ್ಟೋ ಸಲ ಈ ಒಂದು ಸ್ವಿಚ್ಚಿನಲ್ಲೇ ಇರುತ್ತದೆ.

ಎಲ್ಲವನ್ನೂ ಆರಿಸಿದ ಮೇಲೂ ಬ್ಯಾಟರಿ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಇದನ್ನು ಕಂಡುಹಿಡಿಯಲು ಪಿ.ಯು.ಸಿ. ಪ್ರಯೋಗಶಾಲೆಯ ಪಾಠವೇ ಸಾಕು. ಬ್ಯಾಟರಿಯ ಋಣ ತುದಿಯ ತಂತಿಯನ್ನು ಬಿಚ್ಚಿ, ಆ ತುದಿಗೂ ತಂತಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಸರಣಿಯಾಗಿ ಜೋಡಿಸಿ. ಕೆಲವು ನೂರನೇ ಆಂಪಿಯರ್ ತೋರಿಸಿದರೆ ಚಿಂತೆಯಿಲ್ಲ, ಗಡಿಯಾರ ಮತ್ತು ರೇಡಿಯೋದ ನೆನಪಿಗೆ ಅಷ್ಟು ಬೇಕು. ಅರ್ಧ ಆಂಪಿಯರ್ ತೋರಿಸಿದರೆ? ದಿನಕ್ಕೆ 12, ವಾರಕ್ಕೆ 84 ಆಂಪಿಯರ್-ಗಂಟೆ. ಮನೆಯ ಮುಂದೆ ವಾರವಿಡೀ ಸುಮ್ಮನೆ ನಿಂತ ವ್ಯಾನು ಹೊರಡುವ ದಿನಕ್ಕೆ ಬರಿದಾಗಿರುತ್ತದೆ. ಆಗ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಮೀಟರನ್ನು ನೋಡುತ್ತ ಹೋಗಿ. ಯಾವುದನ್ನು ಕಿತ್ತಾಗ ಮುಳ್ಳು ಇಳಿಯುತ್ತದೋ ಆ ಸಾಲಿನಲ್ಲೇ ಕಳ್ಳನಿದ್ದಾನೆ. ಬಹುಮಟ್ಟಿಗೆ ಅದು ಇನ್ವರ್ಟರ್ ಆಗಿರುತ್ತದೆ. ಅದಕ್ಕೆ ಏನನ್ನೂ ಸಿಕ್ಕಿಸದಿದ್ದರೂ ಆನ್ ಇದ್ದಷ್ಟು ಹೊತ್ತು ಅದು ಉಣ್ಣುತ್ತಲೇ ಇರುತ್ತದೆ. ಅನಿಲದ ಎಚ್ಚರಿಕೆ ಗಂಟೆಯೂ ಸ್ವಲ್ಪ ಎಳೆಯುತ್ತದೆ. ಅದನ್ನು ಮಾತ್ರ ಉಳಿತಾಯದ ಹೆಸರಿನಲ್ಲಿ ಕಿತ್ತುಹಾಕಕೂಡದು.

ಅಮ್ಮೀಟರನ್ನು ಎಂದೂ ಬ್ಯಾಟರಿಯ ಎರಡು ತುದಿಗಳಿಗೆ ನೇರವಾಗಿ ಜೋಡಿಸಬೇಡಿ. ಅದರ ರೋಧ ಅತ್ಯಲ್ಪ. ನೂರಾರು ಆಂಪಿಯರ್ ಹರಿದು ಮೀಟರೂ ಕೈಯೂ ಸುಡುತ್ತವೆ. ಮೀಟರು ಸರಣಿಯಲ್ಲಿರುವಾಗ ಇನ್ವರ್ಟರಿಗೆ ಹೊರೆ ಕೊಡುವುದೂ ಬೇಡ.

ಇನ್ನು ಕಾಲುವೆ. ನನ್ನ ಅಭಿಪ್ರಾಯದಲ್ಲಿ ಜನ ಅತಿ ಕಡಿಮೆ ಗಮನ ಕೊಡುವುದು ಇದಕ್ಕೆ. "ನಿನ್ನೆ ಎರಡು ಗಂಟೆ ಗಾಡಿ ಓಡಿಸಿದ್ದೇನೆ, ತುಂಬಿರಲೇಬೇಕು" ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಸೀಸ-ಆಮ್ಲ ಬ್ಯಾಟರಿ ಸರಿಯಾಗಿ ತುಂಬಬೇಕಾದರೆ ಅದರ ತುದಿಗಳಲ್ಲಿ 14.4 ವೋಲ್ಟಿನ ಆಸುಪಾಸು ಸಿಗಬೇಕು. ಆಲ್ಟರ್ನೇಟರ್ ಮುಂದೆ ಎಂಜಿನ್ನಿನ ಬಳಿ, ಬ್ಯಾಟರಿ ಹಿಂದೆ ಆಸನದ ಕೆಳಗೆ. ಹೋಗಿಬರುವ ತಂತಿಯ ಉದ್ದ 10 ಮೀಟರ್, ದಪ್ಪ 2.5 ಚದರ ಮಿಲಿಮೀಟರ್ ಎನ್ನಿ. ತಾಮ್ರದ ವಿಶಿಷ್ಟ ರೋಧವನ್ನು ಪಠ್ಯಪುಸ್ತಕದಿಂದ ತೆಗೆದುಕೊಂಡರೆ ತಂತಿಯ ರೋಧ 0.068 ಓಮ್ ಬರುತ್ತದೆ. ಇಷ್ಟೇ ತಾನೇ ಎನ್ನಬೇಡಿ. 15 ಆಂಪಿಯರ್ ಹರಿದಾಗ ಆ ತಂತಿಯಲ್ಲೇ ಒಂದು ವೋಲ್ಟ್ ಕಳೆದುಹೋಗುತ್ತದೆ. ಮುಂದೆ 14.2 ಹುಟ್ಟಿದರೆ ಹಿಂದೆ ತಲುಪುವುದು 13.2. ಆ ಬ್ಯಾಟರಿ ದಿನವಿಡೀ ಪ್ರಯಾಣ ಮಾಡಿದರೂ ಅರೆಹೊಟ್ಟೆಯಲ್ಲೇ ಇರುತ್ತದೆ. ಅದೇ ತಂತಿ 16 ಚದರ ಮಿಲಿಮೀಟರ್ ಇದ್ದರೆ ನಷ್ಟ 0.16 ವೋಲ್ಟ್ ಮಾತ್ರ. ತುಕ್ಕು ಹಿಡಿದ ಒಂದು ತಿರುಪು, ಸಡಿಲವಾದ ಒಂದು ಅರ್ತ್ ಸಂಪರ್ಕವೂ ತೆಳು ತಂತಿಯಷ್ಟೇ ಕೇಡು ಮಾಡಬಲ್ಲದು. ಪರೀಕ್ಷೆ ಸುಲಭ: ಎಂಜಿನ್ ಓಡುತ್ತಿರುವಾಗ ಎರಡೂ ಬ್ಯಾಟರಿಗಳ ತುದಿಯಲ್ಲಿ ವೋಲ್ಟೇಜನ್ನು ಅಳೆಯಿರಿ. ವ್ಯತ್ಯಾಸ ದೊಡ್ಡದಿದ್ದರೆ ದೋಷ ದಾರಿಯಲ್ಲಿದೆ. ಎಂಜಿನ್ ಚಾಲೂ ಮಾಡಿದಾಗ ಹಿಂದಿನ ಬ್ಯಾಟರಿಯ ವೋಲ್ಟೇಜು ಏರುವುದೇ ಇಲ್ಲವಾದರೆ ರಿಲೇ ಅಥವಾ ಅದರ ಫ್ಯೂಸು ಕೆಟ್ಟಿದೆ.

ಹೊಸ ವಾಹನಗಳಲ್ಲಿ ಇನ್ನೊಂದು ತೊಡಕು ಸೇರಿಕೊಂಡಿದೆ. ಇಂಧನ ಉಳಿಸಲೆಂದು ಅವುಗಳ ಆಲ್ಟರ್ನೇಟರ್, ಮುಂದಿನ ಬ್ಯಾಟರಿ ತುಂಬಿದ ಮೇಲೆ ವೋಲ್ಟೇಜನ್ನು ತಾನೇ ಇಳಿಸಿಬಿಡುತ್ತದೆ. ಹಿಂದಿನ ಬ್ಯಾಟರಿಯ ಹಸಿವು ಅದಕ್ಕೆ ತಿಳಿಯದು. ಇಂಥ ಕಡೆ ವೋಲ್ಟೇಜನ್ನು ಏರಿಸಿ ಕೊಡುವ ಬೇರೊಂದು ಚಾರ್ಜರನ್ನು ನಡುವೆ ಹಾಕಬೇಕಾಗುತ್ತದೆ.

ಅರೆಹೊಟ್ಟೆಯ ಬ್ಯಾಟರಿಯಲ್ಲೇ ಹೂಳು ಹುಟ್ಟುವುದು. ಪ್ರವಾಹ ಕೊಡುವಾಗ ಒಂದು ಫಲಕದ ಸೀಸವೂ ಇನ್ನೊಂದರ ಸೀಸದ ಡೈಆಕ್ಸೈಡೂ ಗಂಧಕಾಮ್ಲದೊಡನೆ ವರ್ತಿಸಿ, ಎರಡೂ ಕಡೆ ಸೀಸದ ಸಲ್ಫೇಟ್ ಆಗುತ್ತದೆ. ಬೇಗನೆ ಚಾರ್ಜ್ ಮಾಡಿದರೆ ಈ ನವಿರಾದ ಸಲ್ಫೇಟ್ ಮರಳಿ ಮೊದಲಿನ ರೂಪಕ್ಕೆ ಬರುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಅದು ದೊಡ್ಡ ಹರಳುಗಳಾಗಿ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಸುಲಭವಾಗಿ ಕರಗುವುದಿಲ್ಲ. ಆ ಭಾಗ ಬ್ಯಾಟರಿಯ ಪಾಲಿಗೆ ಇಲ್ಲದಂತೆಯೇ. ಕೊಂಡ ಹೊಸ ಬ್ಯಾಟರಿ ಕೆಲವೇ ತಿಂಗಳಲ್ಲಿ ಹಳೆಯದರ ಹಾದಿ ಹಿಡಿಯುವುದು ಹೀಗೆ. ನಮ್ಮ ಮನೆಗಳ ಇನ್ವರ್ಟರ್ ಬ್ಯಾಟರಿಯೊಳಗೂ ಇದೇ ರಸಾಯನಶಾಸ್ತ್ರ ನಡೆಯುತ್ತದೆ.

ಹೂಳು ಎಷ್ಟಿದೆ ಎಂದು ಅಳೆಯುವುದು ಹೇಗೆ? ಪೂರ್ತಿ ಚಾರ್ಜ್ ಮಾಡಿ ಕೆಲವು ಗಂಟೆ ಏನನ್ನೂ ಜೋಡಿಸದೆ ಬಿಟ್ಟ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸಬೇಕು. ಅರ್ಧ ಇಳಿದಾಗ 12.2ರ ಆಸುಪಾಸು. ಆದರೆ ಈ ಸಂಖ್ಯೆಯೊಂದನ್ನೇ ನಂಬಬೇಡಿ. ಹೂಳು ತುಂಬಿದ ಕೆರೆಯಲ್ಲೂ ನೀರಿನ ಮಟ್ಟ ಕೋಡಿಯವರೆಗೆ ಕಾಣುತ್ತದಲ್ಲವೇ? ಆದ್ದರಿಂದ 12 ವೋಲ್ಟಿನ 60 ವ್ಯಾಟ್ ಹೆಡ್‌ಲೈಟ್ ಬಲ್ಬೊಂದನ್ನು ಜೋಡಿಸಿ. ಅದು 5 ಆಂಪಿಯರ್ ಎಳೆಯುತ್ತದೆ. ನಮ್ಮ 100 ಆಂಪಿಯರ್-ಗಂಟೆಯ ಬ್ಯಾಟರಿ ಆರೋಗ್ಯವಾಗಿದ್ದರೆ ಹತ್ತು ಗಂಟೆಯ ನಂತರ ಬಲ್ಬನ್ನು ತೆಗೆದು ವಿಶ್ರಾಂತಿ ಕೊಟ್ಟಾಗ ಇನ್ನೂ 12.2ರ ಹತ್ತಿರ ಇರುತ್ತದೆ. ಬಲ್ಬು ಉರಿಯುತ್ತಿರುವಾಗಲೇ, ನಾಲ್ಕೈದು ಗಂಟೆಯಲ್ಲಿ, 10.5ಕ್ಕೆ ಕುಸಿದರೆ ಉಳಿದಿರುವ ಸಾಮರ್ಥ್ಯ ಕಾಲು ಭಾಗದಷ್ಟೇ. ಆ ಮಟ್ಟ ಕಂಡ ಕೂಡಲೇ ಬಲ್ಬನ್ನು ತೆಗೆದುಬಿಡಿ, ಕೂಡಲೇ ಚಾರ್ಜಿಗೆ ಹಾಕಿ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರೂ ಕೋಶಗಳ ಆಮ್ಲವನ್ನು ನೋಡಿ. ತುಂಬಿದಾಗ ಸಾಪೇಕ್ಷ ಸಾಂದ್ರತೆ 1.27ರ ಸುಮಾರಿಗೆ ಇರಬೇಕು. ಐದು ಸರಿಯಿದ್ದು ಒಂದು ಮಾತ್ರ ತೀರಾ ಕೆಳಗಿದ್ದರೆ ಆ ಕೋಶ ಹೋಗಿದೆ ಎಂದೇ ತಿಳಿಯಿರಿ. ಬ್ಯಾಟರಿ ಮಾರುವವರ ತೀರ್ಪಿಗಿಂತ ಈ ಬಲ್ಬು ಮತ್ತು ಗಡಿಯಾರದ ಸಾಕ್ಷಿ ನನಗೆ ಹೆಚ್ಚು ವಿಶ್ವಾಸಾರ್ಹ.

ಹವೆಯ ಪ್ರಭಾವವೂ ಇದೆ. ಯೂರೋಪಿನ ಚಳಿಯಲ್ಲಿ, ಸೊನ್ನೆ ಡಿಗ್ರಿಯ ಹತ್ತಿರ, ಸಾಮರ್ಥ್ಯ ಐದನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಬೆಚ್ಚಗಾದರೆ ಮರಳಿ ಬರುತ್ತದೆ. ನಮ್ಮ ರಾಯಚೂರು, ಕಲಬುರಗಿಯ ಬಿಸಿಲು ಬೇರೆ ಬಗೆ. ಅದು ಆ ದಿನದ ಸಾಮರ್ಥ್ಯವನ್ನು ಕುಗ್ಗಿಸುವುದಿಲ್ಲ, ಆಯುಷ್ಯವನ್ನು ಕಡಿಮೆ ಮಾಡುತ್ತದೆ. ಈಚೆಗೆ ಲಿಥಿಯಂ ಬ್ಯಾಟರಿಗಳು ಬಂದಿವೆ. ಅವುಗಳಲ್ಲಿ ಸಲ್ಫೇಟಿನ ಕಾಟವಿಲ್ಲ, ಅರ್ಧದ ನಿಯಮವೂ ಇಲ್ಲ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅವನ್ನು ಚಾರ್ಜ್ ಮಾಡಬಾರದು, ಬೆಲೆಯೂ ಹೆಚ್ಚು. ತೆಳು ತಂತಿಯ ವ್ಯಾನಿಗೆ ಅದನ್ನು ಹಾಕಿದರೆ ಹಳೆಯ ದೋಷ ಹಾಗೆಯೇ ಉಳಿಯುತ್ತದೆ.

ಪರೀಕ್ಷೆಗೆ ಕೈಹಾಕುವ ಮುನ್ನ ಉಂಗುರ, ಗಡಿಯಾರಗಳನ್ನು ಬಿಚ್ಚಿಡಿ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಒಂದು ಕಿಡಿ ಸಾಕು. ಕಿಟಕಿ ತೆರೆದಿರಲಿ. ಆಮ್ಲ ಮೈಗೆ ತಗುಲಿದರೆ ಧಾರಾಳವಾಗಿ ನೀರಿನಲ್ಲಿ ತೊಳೆಯಿರಿ, ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ವೈದ್ಯರಲ್ಲಿಗೆ ಹೋಗಿ. ಮನೆಯಲ್ಲಿ ಹಿರಿಯರೊಬ್ಬರು ಜೊತೆಗಿಲ್ಲದೆ ಇದಾವುದನ್ನೂ ಮಾಡಬೇಡಿ.

ಎಲ್ಲ ಪರೀಕ್ಷೆಗಳ ನಂತರ ಬ್ಯಾಟರಿಯೇ ಸತ್ತಿದೆ ಎಂದು ತಿಳಿದರೆ ಅದನ್ನು ಗುಜರಿಯವರ ತಕ್ಕಡಿಗೆ ಹಾಕಬೇಡಿ. ಬಯಲಿನಲ್ಲಿ ಅದನ್ನು ಒಡೆದು ಸೀಸ ಕರಗಿಸುವ ಕಡೆ ಆ ಹೊಗೆಯನ್ನೂ ದೂಳನ್ನೂ ಮೊದಲು ಉಣ್ಣುವವರು ಅಲ್ಲಿ ಆಡುವ ಮಕ್ಕಳು. ಹಳೆಯ ಬ್ಯಾಟರಿಯನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ನಮ್ಮ ದೇಶದ 2022ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಿ.