ಗೀಸರ್ ಕೆಟ್ಟರೆ ಜೇಬು ಎಷ್ಟು ಸುಡಬೇಕು?

ಇವತ್ತು ರಾಜಕೀಯ ಬೇಡ. ದೆಹಲಿಯೂ ಬೇಡ, ವಿಧಾನಸೌಧವೂ ಬೇಡ. ನಿಮ್ಮ ಬಚ್ಚಲುಮನೆಗೆ ಹೋಗೋಣ.

ಕಳೆದ ಡಿಸೆಂಬರ್‌ನಲ್ಲಿ ತುಮಕೂರಿನಿಂದ ಅಮ್ಮ ಫೋನ್ ಮಾಡಿದ್ರು. "ಗೀಸರ್ ಬಿಸಿ ಆಗ್ತಿಲ್ಲ ಕಣೋ. ಕಂಪನಿಯವನು ಬಂದಿದ್ದಾನೆ. 4,800 ರೂಪಾಯಿ ಕೇಳ್ತಿದ್ದಾನೆ. ಕೊಟ್ಟುಬಿಡ್ಲಾ?" ಫೋನ್ ಅವನ ಕೈಗೆ ಕೊಡಮ್ಮ ಅಂದೆ. ಏನಪ್ಪಾ ಹೋಗಿದೆ ಅಂತ ಕೇಳಿದೆ. "ಸರ್, ಒಳಗಡೆ ಎಲ್ಲಾ ಹೋಗಿದೆ" ಅಂದ. ಒಳಗಡೆ ಏನೇನಿದೆ ಅಂತ ಕೇಳಿದೆ. ಆ ಕಡೆಯಿಂದ ಸದ್ದಿಲ್ಲ.

ನಾನು ಓದಿದ್ದು ಇಂಜಿನಿಯರಿಂಗ್, ಮಾಡ್ತಿರೋದು ಆಂಕರಿಂಗ್. ನಮ್ಮ ಮನೆಯಲ್ಲಿ ಇವತ್ತಿಗೂ ಅದೊಂದು ಬೇಜಾರು. ಆವತ್ತು ಮಾತ್ರ ಆ ಡಿಗ್ರಿ ಸ್ವಲ್ಪ ಕೆಲಸಕ್ಕೆ ಬಂತು. ಯಾಕಂದ್ರೆ ಗೀಸರ್ ಒಳಗೆ "ಎಲ್ಲಾ" ಅನ್ನುವಷ್ಟು ಏನೂ ಇಲ್ಲ ವೀಕ್ಷಕರೇ. ನೀರು ತುಂಬುವ ಒಂದು ಟ್ಯಾಂಕ್. ಕಾಯಿಸುವ ಒಂದು ಎಲಿಮೆಂಟ್. ಸಾಕು ಅಂದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್. ಅದೂ ಕೈಕೊಟ್ಟರೆ ಕಾಪಾಡೋಕೆ ಒಂದು ಕಟ್‌ಔಟ್, ಒತ್ತಡ ಹೆಚ್ಚಾದರೆ ನೀರು ಹೊರಬಿಡುವ ಒಂದು ವಾಲ್ವ್. ಜೊತೆಗೆ ಟ್ಯಾಂಕ್ ತುಕ್ಕು ಹಿಡಿಯದಿರಲಿ ಅಂತ ತಾನೇ ಕರಗುತ್ತಾ ಹೋಗುವ ಒಂದು ಮೆಗ್ನೀಷಿಯಂ ಕಡ್ಡಿ. ಮುಗೀತು. ಇದರಲ್ಲಿ ಟ್ಯಾಂಕ್ ಬಿಟ್ಟು ಉಳಿದದ್ದೆಲ್ಲ ಸಾಮಾನ್ಯವಾಗಿ ನೂರರ ಲೆಕ್ಕದಲ್ಲಿ ಸಿಗುವ ವಸ್ತು, ಸಾವಿರದ ಲೆಕ್ಕದಲ್ಲಲ್ಲ. ಹಾಗಾಗಿ ಬಿಲ್ ಸಾವಿರಗಳಿಗೆ ಹೋಯ್ತು ಅಂದ್ರೆ ಯಾವ ಪಾರ್ಟ್‌ಗೆ ಎಷ್ಟು, ಕೂಲಿ ಎಷ್ಟು ಅಂತ ಬಿಡಿಸಿ ಕೇಳಿ. ನಾಚಿಕೊಳ್ಳೋದು ಏನಿದೆ ಅದರಲ್ಲಿ? ಅರ್ಧ ಕೆಜಿ ಟೊಮೆಟೊಗೆ ಚೌಕಾಸಿ ಮಾಡೋ ನಾವು ಮೆಕ್ಯಾನಿಕ್ ಮುಂದೆ ಮಾತ್ರ ಮೌನಿಗಳಾಗ್ತೀವಿ.

ಈಗ ಬೋರ್‌ವೆಲ್ ನೀರಿನ ವಿಷಯ. ಕಾವೇರಿ ನೀರು ಬರುವ ಮನೆಯವರಿಗೆ ಈ ಕಾಟ ಕಡಿಮೆ. ತುಮಕೂರು, ಕೋಲಾರ, ಬೆಂಗಳೂರಿನ ಹೊರವಲಯದಲ್ಲಿ ಬೋರ್‌ವೆಲ್, ಟ್ಯಾಂಕರ್ ನಂಬಿದವರಿಗೆ ಚೆನ್ನಾಗಿ ಗೊತ್ತು. ಗಡಸು ನೀರು ಕಾದಾಗ ಅದರಲ್ಲಿರುವ ಸುಣ್ಣ ಎಲಿಮೆಂಟ್ ಮೇಲೆ ಗಟ್ಟಿಯಾಗಿ ಕೂರುತ್ತೆ. ರಿಪೇರಿಯವರು ಏನ್ ಹೇಳ್ತಾರೆ? "ಸುಣ್ಣ ಕಟ್ಟಿದೆ ಸರ್, ಕರೆಂಟ್ ಬಿಲ್ ಡಬಲ್ ಬರುತ್ತೆ." ಇದು ಪೂರ್ತಿ ನಿಜ ಅಲ್ಲ. ನೀರಿನೊಳಗೇ ಮುಳುಗಿರುವ ಎಲಿಮೆಂಟ್‌ನ ಬಿಸಿ ನೀರಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಲೆಕ್ಕ ಹಾಕಿ: 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಬೇಕಾದ್ದು ಸುಮಾರು 0.7 ಯೂನಿಟ್. 2 ಕಿಲೋವ್ಯಾಟ್ ಗೀಸರ್‌ಗೆ 20-22 ನಿಮಿಷದ ಕೆಲಸ. ಸುಣ್ಣ ಕಟ್ಟಿದ ಮಾತ್ರಕ್ಕೆ ಈ ಲೆಕ್ಕ ಡಬಲ್ ಆಗಲ್ಲ. ನಿಜವಾದ ತೊಂದರೆ ಬೇರೆ: ಬಿಸಿ ಬೇಗ ಹೊರಗೆ ಹೋಗಲಾಗದೆ ಎಲಿಮೆಂಟ್ ಒಳಗೊಳಗೇ ವಿಪರೀತ ಕಾದು, ಒಂದು ದಿನ ಸುಟ್ಟುಹೋಗುತ್ತೆ. ಅಂದ್ರೆ ಸುಣ್ಣ ತೆಗೆಸಬೇಕು, ಖಂಡಿತ. ಆದರೆ "ಬಿಲ್ ಡಬಲ್" ಅಂತ ಹೆದರಿಸಿ ಹೊಸ ಗೀಸರ್ ಮಾರೋಕೆ ಬಂದರೆ ಒಪ್ಪಬೇಡಿ. ಥರ್ಮೋಸ್ಟಾಟ್‌ನ ನಾಬ್ ಕೊನೆವರೆಗೂ ತಿರುಗಿಸಿ ಇಡಬೇಡಿ, 60ರ ಆಸುಪಾಸು ಸಾಕು. ನೀರು ಹೆಚ್ಚು ಕಾದಷ್ಟೂ ಸುಣ್ಣ ಹೆಚ್ಚು ಕೂರುತ್ತೆ. ಸುಣ್ಣ ತೆಗೆಯುವಾಗಲೇ ಆ ಮೆಗ್ನೀಷಿಯಂ ಕಡ್ಡಿ ಎಷ್ಟು ಉಳಿದಿದೆ ಅಂತಲೂ ತೋರಿಸು ಅನ್ನಿ. ಅದನ್ನ ಅವರಾಗಿ ತೋರಿಸೋದು ಕಡಿಮೆ.

ಟ್ಯಾಂಕ್ ಸೋರಿದರೆ? ಅಲ್ಲಿಗೆ ರಿಪೇರಿ ಮಾತು ಬಿಡಿ. ಒಳಗೆ ಗಾಜಿನಂಥ ಲೇಪನ ಇರುವ ಟ್ಯಾಂಕಿಗೆ ವೆಲ್ಡಿಂಗ್ ಮಾಡಿದರೆ ಆ ಬಿಸಿಗೆ ಲೇಪನವೇ ಹೋಗುತ್ತೆ. ಆದರೆ ಹೊಸದು ಕೊಳ್ಳುವ ಮುಂಚೆ ವಾರಂಟಿ ಕಾರ್ಡ್ ಹುಡುಕಿ. ಒಂದೇ ಗೀಸರ್‌ಗೆ ಹಲವು ವಾರಂಟಿ ಇರುತ್ತೆ: ಇಡೀ ಯಂತ್ರಕ್ಕೆ ಒಂದು, ಎಲಿಮೆಂಟ್‌ಗೆ ಇನ್ನೊಂದು, ಟ್ಯಾಂಕ್‌ಗೆ ಮತ್ತೊಂದು. ಟ್ಯಾಂಕ್‌ಗೆ 5, 7 ವರ್ಷ ಕೊಡುವ ಕಂಪನಿಗಳು ಎಷ್ಟೋ ಇವೆ. "ವಾರಂಟಿ ಮುಗೀತು" ಅಂತ ಬಾಯಲ್ಲಿ ಹೇಳಿದರೆ ನಂಬಬೇಡಿ, ಯಾವ ವಾರಂಟಿ ಅಂತ ಕೇಳಿ.

ಅತಿ ಅಗ್ಗದ ರಿಪೇರಿ ಬಗ್ಗೆ ಒಂದು ಮಾತು. "ಥರ್ಮೋಸ್ಟಾಟ್ ಹೋಗಿದೆ ಮೇಡಂ, ಡೈರೆಕ್ಟ್ ಮಾಡ್ಕೊಡ್ತೀನಿ, 100 ರೂಪಾಯಿ ಕೊಡಿ" ಅಂತಾನೆ ಒಬ್ಬ. ಡೈರೆಕ್ಟ್ ಅಂದ್ರೆ ಏನು ಗೊತ್ತಾ? ಬಿಸಿ ಸಾಕು ಅಂತ ಹೇಳೋಕೆ ಒಳಗೆ ಯಾರೂ ಇಲ್ಲ. ನೀವು ಸ್ವಿಚ್ ಆರಿಸೋದು ಮರೆತರೆ ನೀರು ಕುದಿಯುತ್ತೆ, ಒತ್ತಡ ಏರುತ್ತೆ, ವಾಲ್ವ್ ಕೂಡ ಸುಣ್ಣ ಹಿಡಿದು ಕೂತಿದ್ದರೆ ಟ್ಯಾಂಕ್ ಸಿಡಿಯುತ್ತೆ. ಹಾಗೇ, ಗೀಸರ್ ಹಾಕಿದ ತಕ್ಷಣ ಮನೆಯ ಆರ್‌ಸಿಸಿಬಿ ಬೀಳ್ತಿದ್ದರೆ ಅದು ಶಕುನ ಅಲ್ಲ, ಎಲ್ಲೋ ಕರೆಂಟ್ ಸೋರುತ್ತಿದೆ ಅನ್ನೋ ಸೂಚನೆ. ಅದನ್ನ ಬೈಪಾಸ್ ಮಾಡಿಕೊಡುವವನನ್ನ ಮನೆಯೊಳಗೆ ಬಿಡಬೇಡಿ.

ಅಮ್ಮನ ಮನೆಗೆ ಬಂದಿದ್ದ "ಕಂಪನಿಯವನು" ಯಾರು ಅಂತ ಆಮೇಲೆ ಗೊತ್ತಾಯ್ತು. ಪಕ್ಕದ ಮನೆ ಹುಡುಗ ಇಂಟರ್‌ನೆಟ್‌ನಲ್ಲಿ ಕಸ್ಟಮರ್ ಕೇರ್ ಅಂತ ಹುಡುಕಿ, ಮೊದಲು ಸಿಕ್ಕಿದ ನಂಬರಿಗೆ ಫೋನ್ ಮಾಡಿಕೊಟ್ಟಿದ್ದ. ಕಂಪನಿಗೂ ಆ ಮನುಷ್ಯನಿಗೂ ಸಂಬಂಧವೇ ಇರಲಿಲ್ಲ. ಇಂಥ ನಕಲಿ ನಂಬರ್‌ಗಳಲ್ಲಿ ಕೆಲವರು ಇನ್ನೂ ಮುಂದೆ ಹೋಗ್ತಾರೆ. ಬುಕಿಂಗ್‌ಗೆ 10 ರೂಪಾಯಿ ಕಳಿಸಿ ಅಂತ ಲಿಂಕ್ ಕೊಡ್ತಾರೆ, ಒಂದು ಆ್ಯಪ್ ಹಾಕಿಸ್ತಾರೆ, ಖಾತೆ ಖಾಲಿ. ಸರಿಯಾದ ನಂಬರ್ ಗೀಸರ್ ಮೈಮೇಲಿನ ಸ್ಟಿಕ್ಕರ್‌ನಲ್ಲೋ ವಾರಂಟಿ ಕಾರ್ಡ್‌ನಲ್ಲೋ ಇರುತ್ತೆ. ಕೆಲಸ ಆದ ಮೇಲೆ ಬಿಲ್ ಕೇಳಿ, ಬಿಚ್ಚಿದ ಹಳೇ ಪಾರ್ಟ್ ಕೇಳಿ. ಮೋಸ ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ಬಿಲ್ ಇಲ್ಲದೆ ಹೋದರೆ ಮಾತ್ರ ಅಲ್ಲಿ ನಿಮ್ಮ ಮಾತು ಗಟ್ಟಿಯಾಗಿ ನಿಲ್ಲಲ್ಲ.

ಅವನನ್ನ ಕಳಿಸಿದೆವು. ಅಪ್ಪನಿಗೆ ಪರಿಚಯದ ಎಲೆಕ್ಟ್ರಿಷಿಯನ್ ಸಂಜೆ ಬಂದ್ರು. ಎಲಿಮೆಂಟ್ ಹೋಗಿತ್ತು, ಅಷ್ಟೇ. ಟ್ಯಾಂಕ್ ತೊಳೆದು, ಹೊಸ ಎಲಿಮೆಂಟ್ ಹಾಕಿ, ಕೂಲಿ ಸೇರಿ 1,150 ರೂಪಾಯಿ. ಹಳೇದನ್ನ ಪೇಪರ್ ಮೇಲೆ ಇಟ್ಟು ಹೋದ್ರು. ಅದರ ಮೇಲಿನ ಸುಣ್ಣ ಕೆರೆದು ನೋಡಿ ಅಮ್ಮ, "ರಂಗೋಲಿಗೆ ಆಗುತ್ತಲ್ಲೋ" ಅಂದ್ರು.

ಇಲ್ಲಿವರೆಗೆ ನಗಬಹುದು. ಇನ್ನು ಹೇಳೋದು ಗ್ಯಾಸ್ ಗೀಸರ್ ವಿಷಯ.

ಗ್ಯಾಸ್ ಗೀಸರ್‌ನಿಂದ ಬಚ್ಚಲುಮನೆಯಲ್ಲಿ ಸಾವು ಅನ್ನೋ ಸುದ್ದಿಯನ್ನ ಇದೇ ಕುರ್ಚಿಯಲ್ಲಿ ಕೂತು ನಾನು ಓದಿದ್ದೇನೆ, ಒಂದಲ್ಲ, ಹಲವು ಸಲ. ಪರದೆ ಮೇಲೆ ನಾವು ಹಾಕೋದು "ಅನಿಲ ಸೋರಿಕೆ" ಅಂತ. ಎಷ್ಟೋ ಸಲ ಅದು ತಪ್ಪು, ಒಪ್ಪಿಕೊಳ್ತೀನಿ. ಅಡುಗೆ ಅನಿಲ ಸೋರಿದರೆ ಮೂಗಿಗೆ ಬಡಿಯುತ್ತೆ, ಅದಕ್ಕಂತಲೇ ಅದಕ್ಕೆ ವಾಸನೆ ಬೆರೆಸಿರ್ತಾರೆ. ಮುಚ್ಚಿದ ಬಚ್ಚಲಲ್ಲಿ ಕೊಲ್ಲೋದು ಹೆಚ್ಚಾಗಿ ಕಾರ್ಬನ್ ಮಾನಾಕ್ಸೈಡ್. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ವಿಷ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತೆ. ತಲೆ ಸುತ್ತುತ್ತೆ, ಕಾಲಲ್ಲಿ ಶಕ್ತಿ ಇರಲ್ಲ, ಚಿಲಕ ತೆಗೆಯೋಕೂ ಆಗಲ್ಲ. ಚಳಿ ಅಂತ ಕಿಟಕಿ ಮುಚ್ಚುವ ದಿನಗಳಲ್ಲೇ ಗೀಸರ್ ಹೆಚ್ಚು ಹೊತ್ತು ಉರಿಯೋದು.

ಈ ಒಂದು ಖರ್ಚಿಗೆ ಚೌಕಾಸಿ ಮಾಡಬೇಡಿ. ಗ್ಯಾಸ್ ಗೀಸರ್ ಬಚ್ಚಲೊಳಗೇ ಇದ್ದರೆ ಪ್ಲಂಬರ್ ಕರೆಸಿ, ಅದನ್ನ ಹೊರಗಡೆ ಗಾಳಿಯಾಡುವ ಜಾಗಕ್ಕೆ ತೆಗೆಸಿ. ಪೈಪ್ ಎಳೆಸಬೇಕು, ಗೋಡೆ ಕೊರೆಸಬೇಕು, ಖರ್ಚಾಗುತ್ತೆ, ಆಗಲಿ. ವರ್ಷಕ್ಕೊಮ್ಮೆ ಬರ್ನರ್ ಕ್ಲೀನ್ ಮಾಡಿಸಿ. ಉರಿ ನೀಲಿ ಇರಬೇಕು, ಹಳದಿಗೆ ತಿರುಗಿದ್ದರೆ ಆ ದಿನವೇ ನಿಲ್ಲಿಸಿ. ಬಾಡಿಗೆ ಮನೆ ಆದರೆ ಓನರ್‌ಗೆ ಇವತ್ತೇ ಫೋನ್ ಮಾಡಿ. ಅವರು ನಾಳೆ ನೋಡೋಣ ಅಂದರೆ, ನಾಳೆವರೆಗೆ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ.