ಕತ್ತಲೆಯ ಲೆಕ್ಕವಿಡುವ ಚಿತ್ರಗಳು

(ಲಿಂಗಸುಗೂರಿನಲ್ಲಿ ಅಲ್ಲಿಯ ವಿದ್ಯಾರ್ಥಿಗಳು ಹಾಗೂ ಮಲೆನಾಡಿನಿಂದ ಬಂದಿದ್ದ ಗೆಳೆಯರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಮೃಗಶಿರಾ ಮಳೆ ಚೆನ್ನಾಗಿ ಆಯಿತೆ, ಆರಿದ್ರಾ ಕೈಕೊಟ್ಟಿತೆ ಎಂದು ನಮ್ಮ ಮನೆಗಳಲ್ಲಿ ಇಂದಿಗೂ ಕೇಳುತ್ತಾರೆ. ಮಳೆಗಳನ್ನು ನಕ್ಷತ್ರಗಳ ಹೆಸರಿನಿಂದ ಕರೆಯುವ ಜನ ನಾವು. ಆದರೆ ಮೃಗಶಿರಾ ಆಕಾಶದಲ್ಲಿ ಎಲ್ಲಿದೆ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಬೆರಳು ಮಾಡಿ ತೋರಿಸಬಲ್ಲೆವು? ಜೂನ್ ತಿಂಗಳಿನಲ್ಲಿ ಆ ಮಳೆ ಬರುವಾಗ ಸೂರ್ಯನು ಆ ನಕ್ಷತ್ರದ ಸಮೀಪದಲ್ಲಿರುವುದರಿಂದ ಅದು ಹಗಲಿನಲ್ಲಿ ಮರೆಯಾಗಿರುತ್ತದೆ. ಅದನ್ನು ಕಾಣಬೇಕಾದರೆ ಚಳಿಗಾಲದ ರಾತ್ರಿಗಾಗಿ ಕಾಯಬೇಕು. ಜೊತೆಗೆ ಒಂದಿಷ್ಟು ಕತ್ತಲೆಯೂ ಬೇಕು. ಈಗ ಕಳೆದುಹೋಗುತ್ತಿರುವುದು ಆ ಕತ್ತಲೆಯೇ. ಸಾಧಾರಣ ಡಿಜಿಟಲ್ ಕ್ಯಾಮೆರಾದಿಂದ ಆ ಕತ್ತಲೆಯ ಲೆಕ್ಕವನ್ನು ಇಡುವುದು ಹೇಗೆಂಬುದನ್ನು ಹೇಳಲು ಇಲ್ಲಿ ನಿಂತಿದ್ದೇನೆ.

ಭೂಮಿ ತನ್ನ ಅಕ್ಷದ ಮೇಲೆ ಗಂಟೆಗೆ 15 ಡಿಗ್ರಿಯಂತೆ ತಿರುಗುತ್ತದೆ. ಕ್ಯಾಮೆರಾವನ್ನು ಅಲುಗಾಡದಂತೆ ನಿಲ್ಲಿಸಿ ಬಹಳ ಹೊತ್ತು ಬೆಳಕನ್ನು ಒಳಗೆ ಬಿಟ್ಟರೆ ನಕ್ಷತ್ರಗಳು ಚುಕ್ಕೆಗಳಾಗಿ ಉಳಿಯದೆ ಗೆರೆಗಳಾಗಿ ಮೂಡುತ್ತವೆ. ಇವೇ ನಕ್ಷತ್ರಪಥಗಳು. ತಿರುಗುತ್ತಿರುವುದು ನಾವು, ಗೆರೆ ಬೀಳುವುದು ಅವುಗಳ ಹೆಸರಿನಲ್ಲಿ.

ಪುಸ್ತಕಗಳಲ್ಲಿ ಅಚ್ಚಾಗುವ ವಿದೇಶದ ಚಿತ್ರಗಳಲ್ಲಿ ಧ್ರುವನಕ್ಷತ್ರವು ಎತ್ತರದಲ್ಲಿದ್ದು ಸುತ್ತಲೂ ಪೂರ್ಣ ವೃತ್ತಗಳಿರುತ್ತವೆ. ನಮ್ಮ ಚಿತ್ರ ಹಾಗೆ ಬರುವುದಿಲ್ಲ. ಧ್ರುವ ಎಷ್ಟು ಎತ್ತರದಲ್ಲಿ ಕಾಣುತ್ತದೆ ಎಂಬುದು ಊರಿನ ಅಕ್ಷಾಂಶವನ್ನು ಅವಲಂಬಿಸಿದೆ. ಲಿಂಗಸುಗೂರಿನ ಅಕ್ಷಾಂಶ ಸುಮಾರು 16 ಡಿಗ್ರಿ. ಕೈಯನ್ನು ಮುಂದಕ್ಕೆ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿಯಾಗುತ್ತದೆ. ಅಂದರೆ ನಮ್ಮ ಧ್ರುವ ದಿಗಂತದಿಂದ ಒಂದೂವರೆ ಮುಷ್ಟಿಯಷ್ಟೇ ಮೇಲಿದೆ. ಸಪ್ತರ್ಷಿಗಳು ಕೂಡ ಇಲ್ಲಿ ಮುಳುಗಿ ಏಳುತ್ತಾರೆ. ಹೀಗಾಗಿ ಉತ್ತರಕ್ಕೆ ತಿರುಗಿಸಿದ ನಮ್ಮ ಕ್ಯಾಮೆರಾದಲ್ಲಿ ದೊಡ್ಡ ಕಮಾನುಗಳು ಬಂಡೆಗುಡ್ಡಗಳ ಹಿಂದಿನಿಂದ ಎದ್ದು ಮತ್ತೆ ಗುಡ್ಡಗಳ ಹಿಂದೆ ಇಳಿಯುತ್ತವೆ. ಪೂರ್ವಕ್ಕೆ ತಿರುಗಿಸಿದರೆ ಮೃಗಶಿರದ ಸುತ್ತಲಿನ ನಕ್ಷತ್ರಗಳು ಬಹುತೇಕ ನೆಟ್ಟನೆಯ ಗೆರೆಗಳಾಗಿ, ತುಸು ದಕ್ಷಿಣಕ್ಕೆ ವಾಲಿ ಮೇಲೇರುತ್ತವೆ.

ಮಸ್ಕಿಯ ಶಾಸನವನ್ನು ನೀವೆಲ್ಲರೂ ಬಲ್ಲಿರಿ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿದ್ದ ಆ ಬಂಡೆಯಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ದೊರೆಯಿತು. ಆ ಅಕ್ಷರಗಳನ್ನು ಕೊರೆದ ಕಾಲದಲ್ಲಿ ಧ್ರುವನಕ್ಷತ್ರ ಈಗಿನ ಸ್ಥಾನದಲ್ಲಿರಲಿಲ್ಲ. ಭೂಮಿಯ ಅಕ್ಷ ಬುಗುರಿಯಂತೆ ಓಲಾಡುತ್ತ ಸುಮಾರು 26,000 ವರ್ಷಗಳಿಗೆ ಒಂದು ಸುತ್ತು ಮುಗಿಸುತ್ತದೆ. ಆದ್ದರಿಂದ ಅಶೋಕನ ಕಾಲದಲ್ಲಿ ಧ್ರುವನಕ್ಷತ್ರವು ಆಕಾಶದ ಧ್ರುವಬಿಂದುವಿನಿಂದ 12 ಡಿಗ್ರಿಗೂ ಹೆಚ್ಚು ದೂರವಿತ್ತು. ಇಂದು ಆ ಅಂತರ ಒಂದು ಡಿಗ್ರಿಗಿಂತ ಕಡಿಮೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ ಅಚಲನೆನಿಸಿದ ಧ್ರುವನೂ ಒಂದು ಪುಟ್ಟ ಕಮಾನನ್ನು ಬರೆದಿರುವುದು ಕಾಣುತ್ತದೆ.

ಇನ್ನು ವಿಧಾನ. ಗಟ್ಟಿಯಾದ ಟ್ರೈಪಾಡ್ ಬೇಕು. ಫೋಕಸ್ಸನ್ನು ಕೈಯಿಂದ ಹೊಂದಿಸುವ ವ್ಯವಸ್ಥೆಗೆ ತಂದು, ಪರದೆಯ ಮೇಲೆ ಒಂದು ಪ್ರಕಾಶಮಾನವಾದ ನಕ್ಷತ್ರವನ್ನು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ಲೆನ್ಸ್ ತಿರುಗಿಸಿರಿ. ಬಳಿಕ ಅದು ಜರುಗದಂತೆ ಟೇಪ್ ಅಂಟಿಸಿರಿ. ನಕ್ಷತ್ರಗಳು ಚುಕ್ಕೆಗಳಾಗಿಯೇ ಬೇಕಿದ್ದರೆ ಸಾಮಾನ್ಯ ಕ್ಯಾಮೆರಾದ 18 ಮಿ.ಮೀ. ಲೆನ್ಸಿನಲ್ಲಿ 18 ಸೆಕೆಂಡಿಗಿಂತ ಹೆಚ್ಚು ಹೊತ್ತು ಶಟರ್ ತೆರೆದಿಡಬಾರದು. ಪಥಗಳು ಬೇಕಿದ್ದರೆ ಐಎಸ್‌ಒ 800, ಶಟರ್ 30 ಸೆಕೆಂಡು ಇಟ್ಟು, ಒಂದರ ಹಿಂದೊಂದು ಸುಮಾರು 120 ಚಿತ್ರಗಳನ್ನು ತೆಗೆಯಿರಿ. ಒಂದು ಗಂಟೆಯಲ್ಲಿ 15 ಡಿಗ್ರಿಯ ಕಮಾನು ದೊರೆಯುತ್ತದೆ. ಅವುಗಳನ್ನು ಒಂದರ ಮೇಲೊಂದು ಜೋಡಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಎರಡು ಚಿತ್ರಗಳ ನಡುವೆ ಒಂದು ಸೆಕೆಂಡಿಗಿಂತ ಹೆಚ್ಚು ಬಿಡುವಿರಬಾರದು. ನಾನು ಮೊದಲ ಸಲ ಕ್ಯಾಮೆರಾದೊಳಗಿನ ನಾಯ್ಸ್ ತಗ್ಗಿಸುವ ವ್ಯವಸ್ಥೆಯನ್ನು ನಿಲ್ಲಿಸಲು ಮರೆತು, ಪ್ರತಿ ಚಿತ್ರದ ನಂತರ ಅರ್ಧ ನಿಮಿಷ ಕಳೆದುಕೊಂಡೆ. ಗೆರೆಗಳೆಲ್ಲ ಹೊಲಿಗೆ ಬಿಚ್ಚಿದಂತೆ ತುಂಡುತುಂಡಾದವು.

ಎರಡನೆಯ ಸಲ ಗೆರೆಗಳು ಸರಿಯಾಗಿ ಬಂದವು, ಆದರೆ ಧ್ರುವನೇ ಕಾಣಲಿಲ್ಲ. ಬಂಡೆಯ ಉತ್ತರಕ್ಕಿದ್ದ ಒಂದು ಗಿರಣಿಯ ದೀಪವು ಆಕಾಶದತ್ತ ಮುಖ ಮಾಡಿತ್ತು. ನೆತ್ತಿಯ ಮೇಲೆ ನಕ್ಷತ್ರಗಳು ತುಂಬಿದ್ದರೂ ದಿಗಂತದ ಮೇಲಣ ಒಂದೂವರೆ ಮುಷ್ಟಿಯಷ್ಟು ಆಕಾಶ ಬಿಳಿಚಿಹೋಗಿತ್ತು. ನಮ್ಮ ಸೀಮೆಯಲ್ಲಿ ದೀಪಗಳು ಮೊದಲು ಅಳಿಸುವ ನಕ್ಷತ್ರಗಳಲ್ಲಿ ಧ್ರುವವೂ ಒಂದೆಂಬುದು ಅಂದು ನನಗೆ ತಿಳಿಯಿತು. ಚಿತ್ರವನ್ನು ಹಿಡಿದು ಗಿರಣಿಗೆ ಹೋದೆ. ಕಳ್ಳತನದ ಭಯವಿದೆ, ದೀಪ ಆರಿಸಲಾಗದು ಎಂದರು. ಅವರ ಮಾತು ನ್ಯಾಯವಾಗಿಯೇ ಇತ್ತು. ಆರಿಸುವುದು ಬೇಡ, ಅಂಗಳದ ಕಡೆಗೆ ಬಾಗಿಸಿರಿ, ಮೇಲೊಂದು ತಗಡಿನ ಮರೆ ಕಟ್ಟಿರಿ ಎಂದು ಕೇಳಿಕೊಂಡೆ. ಹಾಗೆ ಮಾಡಿದ ಮೇಲೆ ಅವರ ಅಂಗಳಕ್ಕೆ ಮೊದಲಿಗಿಂತ ಹೆಚ್ಚು ಬೆಳಕು ಬಿತ್ತು, ಧ್ರುವ ನನ್ನ ಚಿತ್ರಕ್ಕೆ ಮರಳಿತು.

ಎಲ್ಲ ಕಡೆಯೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. 2011ರಿಂದ 2022ರವರೆಗೆ ಲೋಕದ ನಾನಾ ಕಡೆಯ ಸಾಮಾನ್ಯ ಜನರು ಬರಿಗಣ್ಣಿನಿಂದ ಮಾಡಿದ ವೀಕ್ಷಣೆಗಳನ್ನು ಆಧರಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಆಕಾಶದ ಕೃತಕ ಹೊಳಪು ವರ್ಷಕ್ಕೆ ಸುಮಾರು ಶೇಕಡಾ 10ರಂತೆ ಏರುತ್ತಿದೆ ಎಂದು ಅದು ತಿಳಿಸಿತು. ಈ ಗತಿಯಲ್ಲಿ, 250 ನಕ್ಷತ್ರಗಳು ಕಾಣುವ ಊರಿನಲ್ಲಿ ಹುಟ್ಟಿದ ಮಗು ಹದಿನೆಂಟು ತುಂಬುವಾಗ ಅಲ್ಲಿ ಕಾಣುವುದು ಸುಮಾರು 100 ಮಾತ್ರ.

ಮಲೆನಾಡಿನ ಗೆಳೆಯರೆ, ಇದು ಬಯಲುಸೀಮೆಯ ಚಿಂತೆ ಮಾತ್ರವೆಂದು ತಿಳಿಯಬೇಡಿರಿ. ಮುಂಗಾರಿಗೆ ಮುನ್ನ ನಿಮ್ಮ ಕಾಡಂಚಿನಲ್ಲಿ ಮಿಣುಕುವ ಮಿಂಚುಹುಳುಗಳು ಬೆಳಕಿನ ಸಂಜ್ಞೆಯಿಂದಲೇ ಸಂಗಾತಿಯನ್ನು ಕರೆಯುತ್ತವೆ. ಬೀದಿದೀಪದ ಪ್ರಖರತೆಯಲ್ಲಿ ಆ ಕರೆ ಅಡಗಿಹೋಗುತ್ತದೆ. ಕತ್ತಲೆಯನ್ನು ಕಾಪಾಡಿದ ಊರುಗಳೂ ಇವೆ. ಲಡಾಖಿನ ಹಾನ್ಲೆಯ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. ಆ ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲೆಯ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಬಂದವರಿಗೆ ಆಕಾಶವನ್ನು ತೋರಿಸಲು ಅಲ್ಲಿಯ ಹಳ್ಳಿಗರೇ ತರಬೇತಿ ಪಡೆದಿದ್ದಾರೆ.

ನನ್ನ ಕೋರಿಕೆ ಚಿಕ್ಕದು. ಎಳ್ಳಮಾವಾಸ್ಯೆಯಂದು ನಾವು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬುತ್ತಿ ಬಿಚ್ಚಿ ಉಂಡು ಬರುತ್ತೇವೆ. ಅಂದು ಚಂದ್ರನಿಲ್ಲ, ಮೋಡಗಳೂ ವಿರಳ. ಈ ವರ್ಷ ಇರುಳಾಗುವವರೆಗೆ ಅಲ್ಲಿಯೇ ನಿಲ್ಲಿರಿ. ಇಪ್ಪತ್ತು ನಿಮಿಷ ಮೊಬೈಲ್ ನೋಡದೆ ಕಣ್ಣುಗಳನ್ನು ಕತ್ತಲೆಗೆ ಒಗ್ಗಿಸಿರಿ. ಮಕ್ಕಳಿಗೆ ಮೊದಲು ಮೃಗಶಿರವನ್ನು ತೋರಿಸಿರಿ, ಅನಂತರ ಕ್ಯಾಮೆರಾ ಹೂಡಿರಿ. ಪ್ರತಿ ವರ್ಷವೂ ಅದೇ ಹಬ್ಬದ ರಾತ್ರಿ, ಅದೇ ಬಂಡೆ, ಅದೇ ದಿಕ್ಕು, ಅದೇ ಲೆನ್ಸ್, ಅದೇ ಐಎಸ್‌ಒ ಇರಲಿ. ಚಿತ್ರದ ಹಿಂದೆ ತಾರೀಖು, ವೇಳೆ ಬರೆದು ಶಾಲೆಯಲ್ಲಿ ಕಾಪಿಡಿರಿ. ಐದಾರು ವರ್ಷಗಳ ಚಿತ್ರಗಳನ್ನು ಸಾಲಾಗಿ ಇಟ್ಟರೆ ಯಾವ ದಿಕ್ಕಿನಲ್ಲಿ ಎಷ್ಟು ಕತ್ತಲೆ ಹೋಯಿತೆಂಬುದು ಯಾರಿಗೂ ಅಲ್ಲಗಳೆಯಲಾಗದಂತೆ ಕಾಣುತ್ತದೆ. ಗ್ರಾಮಸಭೆಯಲ್ಲಿ ಬೀದಿದೀಪಕ್ಕೆ ಮರೆ ಕೇಳುವಾಗ ಆ ಚಿತ್ರಗಳೇ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತವೆ.